ಎರಡು ಅಡಿಗೆಮನೆಯ ಮನೆ

ಬಟ್ಟೆ ನೆನೆಹಾಕುವ ಮೊದಲು ಜೇಬು ನೋಡುವುದು ಮದುವೆಯಾದ ವರ್ಷದಿಂದ ನನಗೆ ಅಭ್ಯಾಸ. ನಮ್ಮ ಯಜಮಾನರ ಅಂಗಿಯಲ್ಲಿ ಅಡಿಕೆ ಚೂರು, ಬಸ್ ಟಿಕೆಟ್ಟು, ಬೀಡಾ ಸುತ್ತಿದ ಕಾಗದ, ಹೀಗೆ ಏನಾದರೂ ಇದ್ದೇ ಇರುತ್ತದೆ. ಆ ಸೋಮವಾರ ಸಿಕ್ಕಿದ್ದು ಪತ್ರಿಕೆಯ ಒಂದು ತುಂಡು. ಹರಿದದ್ದಲ್ಲ, ಕತ್ತರಿ ಹಿಡಿದು ಅಂಚು ನೇರವಾಗಿ ಕತ್ತರಿಸಿದ್ದು. 'ಬೀಚಿಗೆ ಹತ್ತಿರ, ದೊಡ್ಡ ಕುಟುಂಬಕ್ಕೆ ಒಪ್ಪುವ ವಿಶಾಲವಾದ ಮನೆ ಮಾರಾಟಕ್ಕಿದೆ. ಸಿಹಿನೀರಿನ ಬಾವಿ, ಫಲ ಬಿಡುವ ತೆಂಗು. ದಲ್ಲಾಳಿಗಳು ಬೇಡ.' ಕೆಳಗೆ ಉಡುಪಿಯಿಂದಾಚೆಯ ಒಂದು ಊರಿನ ಹೆಸರು, ಒಂದು ಮೊಬೈಲ್ ನಂಬರು.

ನಾನು ಬಕೆಟ್ಟಿನ ಪಕ್ಕದಲ್ಲೇ ಕಲ್ಲಿನ ಮೇಲೆ ಕುಳಿತೆ. ಸಮುದ್ರವೆಂದರೆ ಮುಖ ತಿರುಗಿಸುವ ಮನುಷ್ಯ ಇವರು. ಮಕ್ಕಳು ಚಿಕ್ಕವರಿದ್ದಾಗ ಧರ್ಮಸ್ಥಳಕ್ಕೆ ಹೋಗಿದ್ದೆವು. ಇಷ್ಟು ದೂರ ಬಂದಿದ್ದೇವೆ, ಸಮುದ್ರ ತೋರಿಸಿಕೊಂಡು ಹೋಗೋಣ ಎಂದರೆ, "ಅಲ್ಲೇನೈತೆ ನೋಡಕ್ಕೆ? ನೀರು" ಎಂದು ಮಕ್ಕಳನ್ನು ಅಳಿಸಿಕೊಂಡೇ ವಾಪಸು ಬಸ್ಸು ಹತ್ತಿಸಿದ್ದರು. ಬಿಳಿಗೆರೆಯ ನಮ್ಮ ತೋಟ, ಕೊಬ್ಬರಿ ಅಟ್ಟ, ತಿಪಟೂರಿನ ಮಾರುಕಟ್ಟೆ ಬಿಟ್ಟರೆ ಅವರಿಗೆ ಬೇರೆ ಲೋಕವಿಲ್ಲ. ಅಂಥವರಿಗೆ ಬೀಚಿನ ಹತ್ತಿರ ಮನೆ ಯಾಕೆ?

ಒಂದಕ್ಕೊಂದು ಕೂಡಿಸುತ್ತಾ ಹೋದೆ. ಮೂರು ತಿಂಗಳಿಂದ ಇವರಿಗೆ ಫೋನು ಬಂದರೆ ಎದ್ದು ಹುಣಸೆಮರದ ತನಕ ಹೋಗಿ ಮಾತಾಡುತ್ತಿದ್ದರು. ಜ್ವರವಿದ್ದರೂ ಕೊಬ್ಬರಿ ಹರಾಜು ತಪ್ಪಿಸದವರು ಮೂರು ಹರಾಜು ತಪ್ಪಿಸಿದ್ದರು. ಕೇಳಿದರೆ, "ಮಂಗಳೂರು ಕಡೆ ಒಬ್ಬ ಎಣ್ಣೆ ವ್ಯಾಪಾರಿ ಸಿಕ್ಕವನೆ, ಹೋಗಿಬತ್ತೀನಿ" ಎಂದಿದ್ದರು. ಆ ವ್ಯಾಪಾರಿಗೆ ಒಂದು ಚೀಲ ಕೊಬ್ಬರಿಯೂ ಹೋದದ್ದನ್ನು ನಾನು ಕಾಣೆ. ಒಂದು ಸಲ ಫೋನು ಚಾರ್ಜಿಗೆ ಹಾಕಿದ್ದಾಗ ನಾನೇ ಎತ್ತಿದ್ದೆ. ಆ ಕಡೆ ಹೆಂಗಸಿನ ಧ್ವನಿ, "ಅಣ್ಣಾ" ಎಂದಿತು. ನಾನು "ಯಾರು?" ಎಂದ ಕೂಡಲೇ ಕಟ್ಟಾಯಿತು. ಗಂಡಸಿಗೆ ಅಣ್ಣಾ ಎನ್ನುವ ಹೆಂಗಸರೆಲ್ಲ ತಂಗಿಯರಲ್ಲ ಎನ್ನುವಷ್ಟು ಲೋಕ ನಾನೂ ನೋಡಿದ್ದೇನೆ.

ಮಕ್ಕಳಿಗೆ ಹೇಳುವ ಮಾತಲ್ಲ. ಅತ್ತೆಗೆ ಎಂಬತ್ತು ದಾಟಿದೆ, ಅವರಿಗಂತೂ ಹೇಳುವಂತಿಲ್ಲ. ನಾನು ಹೋದದ್ದು ದಂಡಿನಶಿವರಕ್ಕೆ, ನನ್ನ ನಾದಿನಿಯ ಮನೆಗೆ. ಇವರಿಗೆ ಒಬ್ಬಳೇ ತಂಗಿ ಅವಳು, ಅಣ್ಣನೆಂದರೆ ಪ್ರಾಣ. ಆದರೆ ತಪ್ಪು ಕಂಡರೆ ಅಣ್ಣ ತಮ್ಮ ಎಂದು ನೋಡುವವಳಲ್ಲ. ಕಾಗದವನ್ನು ಎರಡು ಸಲ ಓದಿ ಕನ್ನಡಕ ತೆಗೆದಳು.

"ಅಣ್ಣ ಅಂಥೋನಲ್ಲ ಕಣತ್ತಿಗೆ."

"ಅಂಥೋರು ಯಾರೂ ಹಣೆ ಮೇಲೆ ಬರ್ಕೊಂಡಿರಕಿಲ್ಲ ಕಣಮ್ಮ."

ಅವಳು ತನ್ನ ಫೋನಿನಲ್ಲಿ ಆ ನಂಬರು ಒತ್ತಿ ಸ್ಪೀಕರಿಗೆ ಹಾಕಿದಳು. ಅದೇ ಧ್ವನಿ. ಇವಳೇ ಎಂದು ನಾನು ನಾದಿನಿಯ ಕೈ ಹಿಂಡಿದೆ. ನಾದಿನಿ ನಾವು ಹಾಸನದವರೆಂದೂ, ಜಾಹೀರಾತು ನೋಡಿದೆವೆಂದೂ, ಮನೆ ನೋಡಲು ಬರಬಹುದೇ ಎಂದೂ ಕೇಳಿದಳು. "ಬನ್ನಿ ಬನ್ನಿ, ಗುರುವಾರ ನಾನು ಮನೆಯಲ್ಲೇ ಇರ್ತೆ" ಎಂದಿತು ಧ್ವನಿ.

ಮನೆಯಲ್ಲಿ ಧರ್ಮಸ್ಥಳಕ್ಕೆ ಹೋಗುತ್ತೇವೆಂದು ಹೇಳಿ ಹೊರಟೆವು. ಮಂಜುನಾಥನ ಹೆಸರಲ್ಲಿ ಸುಳ್ಳು ಹೇಳಿದರೆ ಸುಮ್ಮನೆ ಬಿಡುವನೇ ಎಂಬ ಭಯಕ್ಕೆ ನಿಜವಾಗಿಯೂ ಹೋಗಿ, ದರ್ಶನ ಮಾಡಿ, ಊಟ ಮುಗಿಸಿ, ರಾತ್ರಿ ಅಲ್ಲೇ ತಂಗಿ, ಮಾರನೆಯ ಬೆಳಿಗ್ಗೆ ಉಡುಪಿಯ ಬಸ್ಸು ಹತ್ತಿದೆವು. ನಾನು ದೇವರಲ್ಲಿ ಏನು ಕೇಳಿಕೊಂಡೆನೆಂದು ನಾದಿನಿ ಕೇಳಲಿಲ್ಲ. ನಾನೂ ಅವಳನ್ನು ಕೇಳಲಿಲ್ಲ.

ಹೆದ್ದಾರಿಯಲ್ಲಿ ಇಳಿದು ಆಟೋ ಹಿಡಿದು ಹೋದರೆ ಕೆಂಪುಕಲ್ಲಿನ ಕಾಂಪೌಂಡು, ಕಬ್ಬಿಣದ ಗೇಟು. ಮನೆಯನ್ನು ದೊಡ್ಡದು ಎಂದರೆ ಸಾಲದು. ಮುಂದೆ ಇಪ್ಪತ್ತು ಜನ ಮಲಗಬಹುದಾದ ಜಗಲಿ, ಹೆಂಚಿನ ಮಾಡು, ಹಿಂದೆ ಬಾವಿ, ಅದರಾಚೆ ತೆಂಗು, ಅದರಾಚೆ ಮರಳು. ಗಾಳಿಯ ಜೊತೆ ಒಂದೇ ಸಮನೆ ಸದ್ದು ಬರುತ್ತಿತ್ತು. ಅದು ಸಮುದ್ರದ್ದೆಂದು ತಿಳಿಯಲು ನನಗೆ ಒಂದು ನಿಮಿಷ ಬೇಕಾಯಿತು.

ಹೊರಗೆ ಬಂದ ಹೆಂಗಸಿಗೆ ನಲವತ್ತೈದರ ಮೇಲೆ ವಯಸ್ಸು. ಕೊರಳಲ್ಲಿ ಕರಿಮಣಿ ಇತ್ತು. ಹತ್ತಿ ಸೀರೆ, ಎಣ್ಣೆ ಹಾಕಿ ಬಾಚಿದ ತಲೆ. ನಾನು ಅಲಂಕಾರದ ಹೆಂಗಸನ್ನು ಮನಸ್ಸಿನಲ್ಲಿ ಮಾಡಿಕೊಂಡು ಬಂದಿದ್ದೆ, ಹಾಗಿಲ್ಲದ್ದಕ್ಕೆ ನನ್ನ ಅನುಮಾನ ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ಇಂಥ ಸಾಧು ಮುಖದವರೇ ಕೆಲಸ ಕೆಡಿಸುವವರು ಎಂದುಕೊಂಡೆ. ಬೆಲ್ಲ, ಕುಡಿಯಲು ನೀರು ತಂದಿಟ್ಟಳು. ನಾನು ನೀರನ್ನು ಬಾಯಲ್ಲಿಟ್ಟು ನೋಡಿದೆ. ಸಮುದ್ರದ ಇಷ್ಟು ಪಕ್ಕದಲ್ಲಿ ಸಿಹಿನೀರೆಂದರೆ ನಂಬುವುದು ಹೇಗೆ? ಆದರೆ ನೀರು ಸಿಹಿಯಾಗಿಯೇ ಇತ್ತು.

"ಇಷ್ಟು ಒಳ್ಳೆ ಮನೆ ಯಾಕೆ ಮಾರ್ತಿದ್ದೀರಿ?" ನಾದಿನಿ ಕೇಳಿದಳು.

"ಅಮ್ಮ ಹೋಗಿ ಎರಡು ವರ್ಷ ಆಯ್ತು. ನನ್ನ ಗಂಡನಿಗೆ ಹುಬ್ಬಳ್ಳಿಯಲ್ಲಿ ಕೆಲಸ. ಇಷ್ಟು ದೊಡ್ಡ ಮನೆಯಲ್ಲಿ ನಾನೊಬ್ಬಳೇ ಎಂತ ಮಾಡುದು?"

ಗಂಡ ಹುಬ್ಬಳ್ಳಿಯಲ್ಲಿ. ಇಲ್ಲಿ ಇವಳೊಬ್ಬಳೇ. ನಾನು ನಾದಿನಿಯ ಮುಖ ನೋಡಿದೆ.

ಕೋಣೆ ಕೋಣೆ ತೋರಿಸುತ್ತಾ ಹೋದಳು. ನಾನು ನೋಡುತ್ತಿದ್ದುದು ಗೋಡೆ, ಕಿಟಕಿಗಳನ್ನಲ್ಲ. ಬಾಗಿಲ ಹಿಂದೆ ಗಂಡಸಿನ ಚಪ್ಪಲಿ ಇದೆಯೇ, ಬಚ್ಚಲಿನಲ್ಲಿ ಬ್ಲೇಡು ಇದೆಯೇ, ಗೂಟಕ್ಕೆ ನಮ್ಮ ಮನೆಯ ಚೌಕುಳಿ ಟವೆಲ್ಲು ನೇತಾಡುತ್ತಿದೆಯೇ ಎಂದು ಕಣ್ಣಾಡಿಸುತ್ತಿದ್ದೆ. ಟವೆಲ್ಲು ಸಿಗಲಿಲ್ಲ. ನಡುಮನೆಯ ಗೋಡೆಯಲ್ಲಿ ಮಾತ್ರ ಒಂದು ಚೌಕ ಸುಣ್ಣ ಮಾಸದೆ ಬೆಳ್ಳಗಿತ್ತು. ಮೇಲೊಂದು ಮೊಳೆ. ಬಹಳ ಕಾಲ ಇದ್ದ ಫೋಟೋ ಒಂದನ್ನು ಈಚೆಗೆ ತೆಗೆದಿದ್ದರು. ಯಾರದು ಎಂದು ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ.

ಆಮೇಲೆ ಅಡಿಗೆಮನೆ. ಒಂದನ್ನು ತೋರಿಸಿದ ಮೇಲೆ ಪಕ್ಕದಲ್ಲೇ ಇನ್ನೊಂದನ್ನೂ ತೋರಿಸಿದಳು. ಎರಡಕ್ಕೂ ಬೇರೆ ಬಾಗಿಲು, ಬೇರೆ ಒಲೆ, ಬೇರೆ ನೀರಿನ ಕೊಳಾಯಿ. ಮೊದಲನೆಯದು ಉಪಯೋಗದಲ್ಲಿತ್ತು, ಮೀನಿನ ವಾಸನೆ ಸಣ್ಣಗೆ ಬಂತು. ಎರಡನೆಯದು ತೊಳೆದಿಟ್ಟ ಹಾಗಿತ್ತು.

"ಒಂದು ಸಂಸಾರಕ್ಕೆ ಎರಡು ಅಡಿಗೆಮನೆ ಯಾಕಮ್ಮಾ?" ಎಂದೆ. ನನ್ನ ಧ್ವನಿ ನನಗೇ ಗಡುಸಾಗಿ ಕೇಳಿಸಿತು.

ಅವಳು ಉತ್ತರ ಕೊಡುವ ಮೊದಲೇ ನಾದಿನಿಯ ಕೂಗು ಕೇಳಿತು. ಅವಳು ಹಿಂದಿನ ಕೋಣೆಯಲ್ಲಿ ಏಣಿ ಹತ್ತಿ ಅಟ್ಟಕ್ಕೆ ಹೋಗಿದ್ದಳು. "ಅತ್ತಿಗೆ, ಇಲ್ಲಿ ಬನ್ರೀ ಒಸಿ."

ಏಣಿಯ ಅರ್ಧದಲ್ಲೇ ನನಗೆ ಕಂಡಿತು. ಅದು ಸಾಮಾನು ಹಾಕುವ ಅಟ್ಟವಲ್ಲ. ಅಡಿಕೆಮರ ಸೀಳಿದ ದಬ್ಬೆಗಳನ್ನು ಎರಡು ಬೆರಳು ಸಂದು ಬಿಟ್ಟು ಹಾಸಿ, ಕೆಳಗಿನಿಂದ ಗಾಳಿ ಆಡುವಂತೆ, ಸುತ್ತ ಮೊಣಕಾಲೆತ್ತರದ ತಡೆ ಕಟ್ಟಿದ್ದರು. ಕಾಯಿಯನ್ನು ವರ್ಷವಿಡೀ ಮೇಲೆ ಹಾಕಿಟ್ಟು, ಚಿಪ್ಪಿನೊಳಗೇ ನೀರು ಬತ್ತಿಸಿ ಉಂಡೆ ಕೊಬ್ಬರಿ ಮಾಡುವ ಅಟ್ಟ. ನಮ್ಮ ತಿಪಟೂರು, ತುರುವೇಕೆರೆ ಕಡೆ ಬಿಟ್ಟರೆ ಹೀಗೆ ಕಟ್ಟುವವರು ಇಲ್ಲ. ಕರಾವಳಿಯವರು ಕಾಯಿ ಒಡೆದು ಬಿಸಿಲಿಗೆ ಹಾಕುತ್ತಾರೆ, ಅಟ್ಟಕ್ಕೆ ಹಾಕುವುದಿಲ್ಲ. ನಾನು ಹುಟ್ಟಿದಾಗಿನಿಂದ ನೋಡಿದ ಅಟ್ಟ ಘಟ್ಟ ಇಳಿದು ಇಲ್ಲಿ ಹೇಗೆ ಬಂತು?

ನಾದಿನಿ ಮೇಲಿನಿಂದಲೇ ಕೇಳಿದಳು. "ಇದನ್ಯಾರು ಕಟ್ಸಿದ್ದು?"

"ನಮ್ಮ ಅಪ್ಪಯ್ಯ. ಅವರು ಘಟ್ಟದ ಮೇಲಿನವರು. ಒಂದು ವರ್ಷ ಕಾಯಿ ಹಾಕಿ ನೋಡಿದ್ರು, ಉಪ್ಪು ಗಾಳಿಗೆ ಎಲ್ಲ ಕೊಳೆತು ಹೋಯ್ತು. ಆದ್ರೂ ಕೀಳಿಸ್ಲಿಲ್ಲ, ಇರ್ಲಿ ಬುಡು ಅಂತಿದ್ರು."

ಬುಡು. ಆ ಊರಿನ ಬಾಯಲ್ಲಿ ನಮ್ಮ ಕಡೆಯ ಮಾತು. ನಾನು ಇಳಿದು ದಾರಿ ಬಿಡುತ್ತಿದ್ದಂತೆ ನಾದಿನಿಯೂ ಏಣಿ ಇಳಿದು ಬಂದಳು, ಕೊನೆಯ ಮೆಟ್ಟಿಲು ತಪ್ಪಿ ಗೋಡೆ ಹಿಡಿದುಕೊಂಡಳು.

"ನಿಮ್ಮ ಅಪ್ಪಾರ ಹೆಸ್ರೇನು?"

ಅವಳು ಹೇಳಿದಳು. ನನ್ನ ಮಾವನವರ ಹೆಸರು. ಅವರ ತಂದೆಯ ಹೆಸರನ್ನೂ ಊರನ್ನೂ ಸೇರಿಸಿ, ಪಹಣಿಯಲ್ಲಿರುವಂತೆ ಹೇಳಿದಳು. ಹೇಳುತ್ತಿದ್ದಂತೆ ನಮ್ಮಿಬ್ಬರ ಮುಖ ನೋಡಿ ಅವಳಿಗೂ ಏನೋ ಹೊಳೆಯಿತು. "ನೀವು ಹಾಸನದವರಲ್ಲ ಅಲ್ಲವಾ?" ಎಂದಳು. ಅವಳು ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ್ದ ಫೋಟೋ ತಂದಳು. ಮನೆ ನೋಡಲು ಬರುವವರು ಏನೇನೋ ಕೇಳುತ್ತಾರೆ, ತೆಗೆದಿಡು ಎಂದು ಅಣ್ಣ ಹೇಳಿದ್ದರಂತೆ.

ಬಿಳಿಗೆರೆಯ ನಮ್ಮ ನಡುಮನೆಯಲ್ಲಿ ದಿನಾ ನಾನು ಹೂವು ಮುಡಿಸುವ ಫೋಟೋ ಅದು. ಅದೇ ತಿಪಟೂರಿನ ಸ್ಟುಡಿಯೋದ ಪರದೆ, ಅದೇ ವಿಭೂತಿ, ಅದೇ ಎಡಕ್ಕೆ ಜಾರಿದ ರುಮಾಲು. ಒಂದೇ ಫೋಟೋದ ಎರಡು ಪ್ರತಿ ಮಾಡಿಸಿದ್ದರು.

ಮಾವ ತೀರಿಕೊಂಡು ಹದಿನೆಂಟು ವರ್ಷ. ಬದುಕಿದ್ದಾಗ ಒಡಕು ಕೊಬ್ಬರಿ, ಕೌಟು ವಾಸನೆ ಹಿಡಿದ ಕೊಬ್ಬರಿಯನ್ನು ಲಾರಿಗೆ ಹೇರಿಕೊಂಡು ಕರಾವಳಿಯ ಎಣ್ಣೆ ಗಾಣಕ್ಕೆ ಎರಡು ತಿಂಗಳಿಗೊಮ್ಮೆ ಹೋಗಿಬರುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ನಾಲ್ಕು ದಿನವಾಗುತ್ತಿತ್ತು, ಕೆಲವು ಸಲ ವಾರ. ಲಾರಿ ಕೆಟ್ಟಿತ್ತು ಎನ್ನುತ್ತಿದ್ದರು.

ನಾದಿನಿ ಫೋಟೋವನ್ನು ಕೈಯಿಂದ ಮುಟ್ಟಲಿಲ್ಲ. ಜಗಲಿಗೆ ಹೋಗಿ ಕುಳಿತು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನ್ನ ಸ್ಥಿತಿ ಹೇಳಿದರೆ ನಾಚಿಕೆಗೇಡು. ಎದೆಯಿಂದ ದೊಡ್ಡ ಕಲ್ಲು ಇಳಿದಂತಾಗಿತ್ತು ನನಗೆ. ನನ್ನ ಗಂಡನಲ್ಲ, ಅವಳ ಅಪ್ಪ. ಅವಳು ಅಳುತ್ತಿದ್ದರೆ ನಾನು ಒಳಗೊಳಗೇ ದೇವರಿಗೆ ಕೈಮುಗಿಯುತ್ತಿದ್ದೆ.

ಆ ಹೆಂಗಸು ಬಾಗಿಲ ಬಳಿ ನಿಂತೇ ಹೇಳಿದಳು. ಮನೆ ಅಪ್ಪಯ್ಯನ ಹೆಸರಿನಲ್ಲಿದೆ, ಮಾರಬೇಕಾದರೆ ಅವರ ವಾರಸುದಾರರೆಲ್ಲರ ಸಹಿ ಬೇಕೆಂದು ವಕೀಲರು ಹೇಳಿದರು. ಅದಕ್ಕೇ ಅಣ್ಣನನ್ನು ಹುಡುಕಿದೆ. "ಅಣ್ಣನದು, ನಿಮ್ಮದು, ದೊಡ್ಡಮ್ಮನದು."

"ದೊಡ್ಡಮ್ಮ ಅನ್ನಬ್ಯಾಡ" ಎಂದಳು ನಾದಿನಿ. ಅದೇ ಅವಳು ಆ ದಿನ ಅಲ್ಲಿ ಆಡಿದ ಕೊನೆಯ ಮಾತು.

ಬಸ್ಸಿನಲ್ಲಿ ಘಟ್ಟ ಹತ್ತುವಾಗ ನನ್ನ ಸಮಾಧಾನ ಕರಗತೊಡಗಿತು. ಮೂರು ತಿಂಗಳು ಇವರು ನನ್ನಿಂದ ಇದನ್ನು ಮುಚ್ಚಿಟ್ಟರಲ್ಲ. ಮುಖದ ಒಂದು ಗೆರೆ ಬದಲಾಗದಂತೆ ಎಣ್ಣೆ ವ್ಯಾಪಾರಿಯ ಕಥೆ ಹೇಳಿದರಲ್ಲ. ಅಪ್ಪನಿಗೆ ಮೂವತ್ತು ವರ್ಷ ಮುಚ್ಚಿಡುವುದು ಸಾಧ್ಯವಾಗಿದ್ದರೆ ಮಗನಿಗೆ ಏನೇನು ಸಾಧ್ಯ?

ಮಾರನೆಯ ದಿನ ಇವರು ಕೊಬ್ಬರಿ ಶೆಡ್ಡಿನಲ್ಲಿದ್ದರು. ಚಿಪ್ಪು ಬಿಡಿಸುವ ಆಳುಗಳು ಮಧ್ಯಾಹ್ನದ ಊಟಕ್ಕೆ ಎದ್ದು ಹೋಗಿದ್ದರು. ನಾನು ಜಾಹೀರಾತಿನ ತುಂಡನ್ನು ಅವರ ಮುಂದಿದ್ದ ಚೀಲದ ಮೇಲಿಟ್ಟೆ.

"ಮನೆ ನೋಡ್ಕೊಂಡು ಬಂದೆ ಕಣ್ರೀ. ನೀರು ಸಿಹಿಯಾಗೈತೆ."

ಕೈಯಲ್ಲಿದ್ದ ಕೊಬ್ಬರಿಯನ್ನು ಅವರು ಕೆಳಗಿಡಲೂ ಇಲ್ಲ. ಬೈಯಲಿಲ್ಲ, ಯಾಕೆ ಹೋದೆ ಎಂದು ಕೇಳಲಿಲ್ಲ. "ಅವಳು ಚೆನ್ನಾಗವಳಾ?" ಎಂದರು.

"ಯಾವಾಗಿಂದ ಗೊತ್ತಿತ್ತು ನಿಮಗೆ?"

"ಹತ್ತು ವರ್ಷದೋನಿದ್ದಾಗಿಂದ."

ನಾನು ಮೂರು ತಿಂಗಳು ಎಂಬ ಉತ್ತರಕ್ಕೆ ತಯಾರಾಗಿ ಬಂದಿದ್ದೆ.

ಒಂದು ಬೇಸಿಗೆ ರಜೆಯಲ್ಲಿ ಅಪ್ಪ ಅವರನ್ನು ಲಾರಿಯಲ್ಲಿ ಕೂರಿಸಿಕೊಂಡು ಹೋಗಿದ್ದರಂತೆ. ಸಮುದ್ರ ತೋರಿಸಿದರಂತೆ. ಆಗ ಆ ಮನೆ ಇನ್ನೂ ಅರ್ಧ ಎದ್ದಿತ್ತು. ಬಸುರಿ ಹೆಂಗಸೊಬ್ಬಳು ಎಲೆಯಲ್ಲಿ ಬೇಯಿಸಿದ ಕಡುಬು ಕೊಟ್ಟು ತಲೆ ಸವರಿದಳಂತೆ. ವಾಪಸು ಬರುವಾಗ ಅರಸೀಕೆರೆ ಹತ್ತಿರ ಲಾರಿ ನಿಲ್ಲಿಸಿ ಅಪ್ಪ ಹೇಳಿದರಂತೆ, "ನೋಡ್ಲಾ, ಇದನ್ನ ಅವ್ವಂಗೆ ಹೇಳಿದ್ರೆ ಅವ್ವ ಸತ್ತೋಯ್ತಾಳೆ."

"ನಾನು ನಂಬ್ಕೊಂಡುಬುಟ್ಟೆ ಕಣೇ. ಶಾಲೆಯಿಂದ ಬಂದೇಟಿಗೆ ಅವ್ವ ಉಸಿರಾಡ್ತವಳಾ ಅಂತ ನೋಡ್ತಿದ್ದೆ. ಎಲ್ಲಿ ಬಾಯಿ ತಪ್ಪಿ ಅಂದಿದ್ದೀನೋ ಅಂತ." ಅವರು ನಗಲು ನೋಡಿದರು. "ಐವತ್ತೆಂಟಾಯ್ತು ನಂಗೆ. ಈಗ ಅವಳ ಸಹಿ ಬೇಕು. ಈಗ್ಲೂ ಹೇಳಿದ್ರೆ ಸತ್ತೋಯ್ತಾಳೆ ಅಂತಾನೇ ಅನ್ನಿಸ್ತದೆ."

ಮಕ್ಕಳಿಗೆ ಸಮುದ್ರ ತೋರಿಸದೆ ಬಂದ ಮನುಷ್ಯನ ಮೇಲೆ ನಾನು ಆ ಹೊತ್ತು ಸಿಟ್ಟು ಮಾಡಲಾರದೆ ಹೋದೆ. ಆದರೆ ಮೂವತ್ತು ವರ್ಷ ಒಂದೇ ಚಾಪೆಯಲ್ಲಿ ಮಲಗಿದ ನನಗೆ ಹೇಳಿದ್ದರೆ ಯಾರು ಸಾಯುತ್ತಿದ್ದರು? ಅದನ್ನು ಕೇಳಿಯೇ ಕೇಳಿದೆ. "ನಿಂಗೆ ಹೇಳಿದ್ರೆ ನೀನೂ ಹೊರಬೇಕಿತ್ತು" ಎಂದರು. ಒಳ್ಳೆಯ ಉತ್ತರವೇ. ಒಳ್ಳೆಯ ಉತ್ತರ ಬೇಗ ಬಂದರೆ ನನಗೆ ಅನುಮಾನ.

ಅತ್ತೆಗೆ ಹೇಳುವ ಕೆಲಸ ಕೊನೆಗೆ ನನ್ನ ಪಾಲಿಗೆ ಬಂತು. ನಾದಿನಿ ಫೋನಿನಲ್ಲಿ ಅಣ್ಣನನ್ನು ಬೈದು ಬೈದು, ಆಮೇಲೆ ಮಾತೇ ಬಿಟ್ಟಿದ್ದಳು. ಇವರು ಎರಡು ಸಲ ಅವ್ವನ ಮುಂದೆ ಹೋಗಿ ಕುಳಿತು, ಮಳೆ ವಿಷಯ ಮಾತಾಡಿ ಎದ್ದು ಬಂದರು. ಅತ್ತೆ ಹಿತ್ತಲಲ್ಲಿ ತೆಂಗಿನ ಗರಿಯಿಂದ ಕಡ್ಡಿ ಸೀಳಿ ಪೊರಕೆ ಕಟ್ಟುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು ಗರಿ ಎಳೆದುಕೊಡುತ್ತಾ, ಸುತ್ತಿ ಬಳಸದೆ ಹೇಳಿಬಿಟ್ಟೆ. ಅವರ ಕೈಯ ಕತ್ತಿ ನಿಲ್ಲಲಿಲ್ಲ. ಒಂದು ಗರಿ ಮುಗಿಸಿ ಇನ್ನೊಂದನ್ನು ತೆಗೆದುಕೊಂಡರು.

"ಅವಳವ್ವ ಇದ್ದಾಳಾ?"

"ಇಲ್ಲ ಅತ್ತೆ. ಎರಡು ವರ್ಷ ಆಯ್ತಂತೆ."

"ಹೂಂ."

ಇನ್ನೂ ನಾಲ್ಕು ಗರಿ ಸೀಳಿದರು. ನಾನು ಅವರ ಉಸಿರನ್ನೇ ಗಮನಿಸುತ್ತಿದ್ದೆ. ನನಗೂ ಆ ಭಯ ಅಂಟಿಕೊಂಡಿತ್ತು.

"ಗುಮಾನಿ ಇತ್ತು ಕಣವ್ವ" ಎಂದರು. "ಪಂಚೆ ನಾಕು ಮಡಿಕೆ ಹಾಕಿ ಚೀಲದಲ್ಲಿ ಇಡೋಳು ನಾನು. ಬತ್ತಿದ್ದಿದ್ದು ಮೂರು ಮಡಿಕೆ. ಗಂಡಸರು ಪಂಚೆ ಒಗೆದು ಮಡಿಚಿ ಇಟ್ಕೋತಾರಾ?"

"ಒಂದಿನಾನೂ ಕೇಳ್ಲಿಲ್ವಾ ಅತ್ತೆ ನೀವು?"

"ಕೇಳಿ, ಅವರು ಹೂಂ ಅಂದುಬುಟ್ಟಿದ್ರೆ?"

ಪೊರಕೆಯ ಬುಡವನ್ನು ನೆಲಕ್ಕೆ ಕುಟ್ಟಿ ಸಮ ಮಾಡಿದರು. ಸಹಿ ಹಾಕುತ್ತೀರಾ ಎಂದು ನಾನು ಕೇಳುವ ಮೊದಲೇ ಅವರೇ ಹೇಳಿದರು. "ಹಾಕ್ತೀನಿ. ಮನೆ ನೋಡ್ದೆ ಹಾಕಕಿಲ್ಲ. ಅವಳು ಯಾವಳೋ ಏನೋ. ಸತ್ತೋರ ಹೆಸ್ರು ಹೇಳ್ಕೊಂಡು ಬರೋರು ಬೇಕಾದಷ್ಟು ಜನ ಅವ್ರೆ."

ಹದಿನೈದು ದಿನದ ಮೇಲೆ ಕಾರಿನಲ್ಲಿ ನಾಲ್ವರೂ ಹೋದೆವು. ಕಾರು ಓಡಿಸಿದ್ದು ಇವರೇ. ನಾದಿನಿ ಬರುವುದಿಲ್ಲ ಎಂದವಳು, ಅವ್ವ ಹೊರಟಳೆಂದು ತಿಳಿದು, ಬೆಳಗಿನ ಜಾವಕ್ಕೇ ಬಿಳಿಗೆರೆಗೆ ಬಂದು ನಿಂತಿದ್ದಳು. ಅಣ್ಣನ ಜೊತೆ ಮಾತಿಲ್ಲ. ಅವಳ ಚೀಲದಲ್ಲಿ ಅಪ್ಪನ ಮರಣಪತ್ರ, ರೇಷನ್ ಕಾರ್ಡು, ಹಳೆಯ ಪಹಣಿ, ಎಲ್ಲದರ ಜೆರಾಕ್ಸು. ಸುಳ್ಳು ಸಿಕ್ಕರೆ ಅಲ್ಲೇ ಹಿಡಿಯಬೇಕೆಂದು ಬಂದಿದ್ದಳು.

ಅತ್ತೆ ಆ ಮನೆಯೊಳಗೆ ಬಲಗಾಲಿಟ್ಟು ಹೋಗಲೋ ಎಡಗಾಲಿಟ್ಟು ಹೋಗಲೋ ಎಂದು ಯೋಚಿಸುವವರಂತೆ ಹೊಸ್ತಿಲ ಮುಂದೆ ಸ್ವಲ್ಪ ನಿಂತರು. ಆಮೇಲೆ ನಡುಮನೆಯ ಬೆಂಚಿನ ಮೇಲೆ ಕುಳಿತು, ಆ ಹೆಂಗಸನ್ನು ಎದುರು ನೆಲದ ಮೇಲೆ ಕೂರಿಸಿಕೊಂಡರು. ಪೊಲೀಸರು ಕೇಳುವಂತೆ ಕೇಳತೊಡಗಿದರು.

"ಊಟಕ್ಕೆ ಕೂತ್ರೆ ಮೊದ್ಲು ಏನು ಕೇಳ್ತಿದ್ರು?"

"ಉಪ್ಪು. ಎಲೆಗೆ ಎಂತ ಬಡಿಸುವ ಮೊದಲೂ ಉಪ್ಪು."

"ಬೆನ್ನ ಮೇಲೆ ಏನಿತ್ತು?"

"ಎಡಗಡೆ ಸುಟ್ಟ ಗಾಯದ ಕಲೆ. ಬೆಲ್ಲದ ಪಾಕ ಬಿದ್ದದ್ದಂತೆ, ಚಿಕ್ಕವರಿರುವಾಗ."

ನಾದಿನಿ ತಲೆ ಎತ್ತಿ ನನ್ನ ಕಡೆ ನೋಡಿದಳು. ಅತ್ತೆ ಅಲುಗಲಿಲ್ಲ. ಮುಂದಿನ ಪ್ರಶ್ನೆಗೆ ಅವರು ಸ್ವಲ್ಪ ಮುಂದಕ್ಕೆ ಬಾಗಿದರು. ಇದನ್ನು ಕೇಳಲೆಂದೇ ಅಷ್ಟು ದೂರ ಬಂದರೇನೋ ಎಂದು ನನಗೆ ಈಗಲೂ ಅನ್ನಿಸುತ್ತದೆ.

"ಲಿಂಗ ಕಟ್ಟಿದ ಮನುಷ್ಯ ಅವರು. ಇಲ್ಲಿ ಮೀನು ತಿಂತಿದ್ರಾ?"

"ಇಲ್ಲ, ಇಲ್ಲ" ಎಂದಳು ಅವಳು ಗಾಬರಿಯಿಂದ. "ಅವರು ಬರ್ತಾರೆ ಅಂದ್ರೆ ಅಮ್ಮ ಎರಡು ದಿನ ಮೊದಲೇ ಆ ಅಡಿಗೆಮನೆ ತೊಳೆದು ಇಡ್ತಿದ್ರು. ಅವರಿಗೋಸ್ಕರವೇ ಬೇರೆ ಕಟ್ಟಿಸಿದ್ದು. ಅವರಿದ್ದಷ್ಟು ದಿನ ನಾವೂ ಅಲ್ಲೇ ಉಣ್ಣುದು."

ಅತ್ತೆ ಎದ್ದು ಹೋಗಿ ಆ ಎರಡನೆಯ ಅಡಿಗೆಮನೆಯನ್ನು ನೋಡಿದರು. ಒಲೆಯ ಕಟ್ಟೆಯ ಮೇಲೆ ಬೆರಳು ಎಳೆದು ಮೂಸಿ ನೋಡಿದರು. ವಾಪಸು ಬಂದಾಗ ಮುಖ ಸ್ವಲ್ಪ ಸಡಿಲವಾಗಿತ್ತು. ನಾನು ಗೆದ್ದೆವೆಂದುಕೊಂಡೆ. ಇವರೂ ಹೊರಗಿನಿಂದ ಒಳಗೆ ಬಂದು ಬಾಗಿಲ ಬಳಿ ನಿಂತರು.

"ಸಂಜೆ ಹೊತ್ತು ಏನು ಮಾಡ್ತಿದ್ರು?" ಅತ್ತೆ ಸುಮ್ಮನೆ ಮಾತು ಮುಗಿಸುವವರಂತೆ ಕೇಳಿದರು.

"ಜಗಲಿಯಲ್ಲಿ ಕೂತು ಹಾಡ್ತಿದ್ರು."

"ಯಾರು?"

"ಅಪ್ಪಯ್ಯ."

"ನಮ್ಮೋರು ಹಾಡ್ತಿರ್ಲಿಲ್ಲ" ಎಂದರು ಅತ್ತೆ. ಕಡೆಗೂ ಸುಳ್ಳು ಸಿಕ್ಕಿತೆಂಬಂತೆ ಮಗನನ್ನು ನೋಡಿದರು. "ಅವರ ಬಾಯಲ್ಲಿ ಒಂದು ಪದ ಕೇಳಿಲ್ಲ ನಾನು. ಹಬ್ಬದಲ್ಲೂ ಇಲ್ಲ."

ಅದು ನಿಜ. ಮಾವ ಮನೆಯಲ್ಲಿ ಮಾತಾಡಿದ್ದೇ ಕಡಿಮೆ. ಬೇಕು, ಬೇಡ, ಆಯ್ತು ಎಂಬ ಮೂರು ಮಾತಿನಲ್ಲಿ ದಿನ ಕಳೆಯುತ್ತಿದ್ದರು. ಆ ಹೆಂಗಸು ಅಳುಮೋರೆ ಮಾಡಿಕೊಂಡು, "ಹಾಡ್ತಿದ್ರು, ನನ್ನ ಮಲಗಿಸುವಾಗ" ಎಂದು, ತಲೆ ತಗ್ಗಿಸಿ ಸಣ್ಣ ಧ್ವನಿಯಲ್ಲಿ ಹಾಡಿದಳು.

"ದಬ್ಬೇಘಟ್ಟದ ಏರಿ ಹತ್ತಿ ನಾ ನೋಡೀನಿ
ತವರೂರ ಬೇಲಿ ಹೂ ಬಿಟ್ಟು, ನನ ಕಂದ,
ಕರೆಯೋಕೆ ಯಾರೂ ಬರಲಿಲ್ಲ."

ನಮಗೆ ಯಾರಿಗೂ ಆ ಹಾಡು ಗೊತ್ತಿರಲಿಲ್ಲ. ಅತ್ತೆಯ ತವರು ದಬ್ಬೇಘಟ್ಟ ಎಂಬುದು ಮಾತ್ರ ಗೊತ್ತಿತ್ತು. ಅತ್ತೆ ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅದು ಅವರದೇ ಪದ, ಆಮೇಲೆ ಅವರೇ ಹೇಳಿದ್ದು. ಮದುವೆಯಾಗಿ ಬಂದ ಹೊಸದರಲ್ಲಿ ರಾಗಿ ಬೀಸುವಾಗ ತಾವೇ ಕಟ್ಟಿ ಹಾಡಿಕೊಳ್ಳುತ್ತಿದ್ದದ್ದು. ಕೋಣೆಯಲ್ಲಿ ಗಂಡ ನಿದ್ದೆಯಲ್ಲಿದ್ದಾರೆಂದು ಅವರು ತಿಳಿದಿದ್ದರು. ಗಿರಣಿ ಬಂದ ಮೇಲೆ ಬೀಸುವುದೂ ನಿಂತಿತ್ತು, ಹಾಡುವುದೂ ನಿಂತಿತ್ತು. ಕೇಳಿಸಿಕೊಂಡ ಮನುಷ್ಯ ಒಂದು ದಿನವೂ ಚೆನ್ನಾಗಿದೆ ಎನ್ನಲಿಲ್ಲ. ತೆಗೆದುಕೊಂಡು ಬಂದು ಇಲ್ಲಿ ಹಾಡಿದರು.

"ನನ್ ಪದಾನೂ ತಂದು ಇಲ್ಲಿ ಕೊಟ್ಟವ್ರೆ" ಎಂದರು ಅತ್ತೆ.

ಸವತಿಯ ಸುದ್ದಿ ಕೇಳಿ ಗರಿ ಸೀಳುವುದನ್ನು ನಿಲ್ಲಿಸದಿದ್ದವರು ಆಗ ಅತ್ತರು. ಬಾಯಿ ತೆರೆದು, ಮಕ್ಕಳಂತೆ. ಇವರು ಓಡಿಬಂದು ಕಾಲ ಬಳಿ ಕುಳಿತು "ಅವ್ವಾ, ಅವ್ವಾ" ಎಂದು ಮೈ ಸವರಿದರು. ಇವರ ಕಣ್ಣಿನಲ್ಲಿದ್ದ ಭಯ ಏನೆಂದು ನನಗೊಬ್ಬಳಿಗೇ ಗೊತ್ತಿತ್ತು. ನಾದಿನಿ ಕಾಗದದ ಚೀಲವನ್ನು ಹಿಡಿದುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಆ ಹೆಂಗಸು ಏನು ತಪ್ಪು ಮಾಡಿದೆನೆಂದು ತಿಳಿಯದೆ ಎಲ್ಲರ ಮುಖ ನೋಡುತ್ತಿದ್ದಳು. ಆಮೇಲೆ ಎದ್ದು ಹೋಗಿ ನೀರು ತಂದಳು. ಅತ್ತೆ ಕುಡಿದರು. ಲೋಟ ವಾಪಸು ಕೊಡುವಾಗ ಅವಳ ಕೈಯನ್ನು ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. "ಕೈ ಅವರದೇ" ಎಂದರು. ಪ್ರೀತಿಯಿಂದ ಹೇಳಿದರೋ ಆರೋಪದಂತೆ ಹೇಳಿದರೋ ನನಗೆ ಗೊತ್ತಾಗಲಿಲ್ಲ.

ಸಹಿ ಆ ದಿನ ಆಗಲಿಲ್ಲ. ವಕೀಲರು ಹೇಳಿದ ಇನ್ನೆರಡು ಕಾಗದ ಬೇಕಿತ್ತು. ಆದದ್ದು ಮುಂದಿನ ತಿಂಗಳು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಅತ್ತೆ ಹೆಬ್ಬೆಟ್ಟು ಒತ್ತುವುದಿಲ್ಲ ಎಂದು, ಕಲಿತಿದ್ದ ತಮ್ಮ ಹೆಸರಿನ ಐದು ಅಕ್ಷರವನ್ನು ಮೆಲ್ಲಗೆ ಬರೆದರು. ಹಿಂದೆ ನಿಂತ ಸಾಲು ಗೊಣಗಿದರೂ ಬಗ್ಗಲಿಲ್ಲ. ಆ ಮನೆಯಿಂದ ನಮಗೆ ಒಂದು ಹೆಂಚೂ ಬೇಡ ಎಂದು ಅವರು ಮೊದಲೇ ಹೇಳಿದ್ದರು. ನಾದಿನಿ ಪ್ರತಿ ಪುಟವನ್ನೂ ಓದಿ, ಎರಡು ಪ್ರಶ್ನೆ ಕೇಳಿ, ಕೊನೆಯಲ್ಲಿ ಸಹಿ ಮಾಡಿದಳು. ಹೊರಗೆ ಬಂದ ಮೇಲೆ ಆ ಹೆಂಗಸು ಅತ್ತೆಯ ಕಾಲಿಗೆ ಬಿದ್ದಳು. ಅತ್ತೆ ತಲೆ ಮುಟ್ಟಿದರು, ಬಾ ಎಂದು ಕರೆಯಲಿಲ್ಲ. ಈಗಲೂ ಅವಳು ಹಬ್ಬಕ್ಕೆ ಫೋನು ಮಾಡುತ್ತಾಳೆ.

ಆ ಸಾಯಂಕಾಲ ಊರಿಗೆ ವಾಪಸು ಬರುವಾಗ ಅತ್ತೆ ಕಾರು ಓಡಿಸುತ್ತಿದ್ದ ಇವರ ಪಕ್ಕ, ಮುಂದಿನ ಸೀಟಿನಲ್ಲಿದ್ದರು. ಘಟ್ಟದ ತಿರುವುಗಳು ಮುಗಿಯುವ ತನಕ ಕಣ್ಣು ಮುಚ್ಚಿ ಕುಳಿತಿದ್ದರು. ಮಲಗಿದ್ದಾರೆಂದು ನಾವು ತಿಳಿದಿದ್ದೆವು.

"ಇನ್ನೂ ಏನಾರ ಐತೇನ್ಲಾ, ನನಗೆ ಹೇಳ್ದೆ ಇಟ್ಟಿರೋದು?" ಎಂದು ಕೇಳಿದರು, ಕಣ್ಣು ಬಿಡದೆಯೇ.

"ಏನೂ ಇಲ್ಲ ಕಣವ್ವ. ಇಷ್ಟೇ."

ನಾನು ಹಿಂದಿನ ಸೀಟಿನಿಂದ ಕನ್ನಡಿಯಲ್ಲಿ ಇವರ ಮುಖ ನೋಡಿದೆ. ಎಣ್ಣೆ ವ್ಯಾಪಾರಿಯ ಕಥೆ ಹೇಳುವಾಗ ಇದ್ದ ಮುಖವೇ. ಪಕ್ಕದಲ್ಲಿ ನಾದಿನಿಯೂ ಅದೇ ಕನ್ನಡಿಯನ್ನು ನೋಡುತ್ತಿದ್ದಳು.